ಬೋಳು ಮರದ ಚಪ್ಪಟೆ ತಲೆ

ನಮ್ಮ ಕಡೆ ಊರ ಹೆಸರು ‘ಸಂದ್ರ’ ಅಂತ ಮುಗಿದ್ರೆ ಅಲ್ಲೊಂದು ಕೆರೆ ಇದೆ, ಇಲ್ಲಾ ಒಂದು ಕಾಲಕ್ಕೆ ಇತ್ತು ಅಂತ ಲೆಕ್ಕ. ಸಮುದ್ರ ಅನ್ನೋ ಮಾತೇ ಜನರ ಬಾಯಲ್ಲಿ ಸವೆದು ಸಂದ್ರ ಆಗಿರೋದು. ಕೆರೆ ಕಟ್ಟಿಸಿದೋರು ಅದನ್ನ ಸಮುದ್ರ ಅಂತಲೇ ಕರೆಯೋರು. ಬಂಡೆ, ಕುರುಚಲು, ರಾಗಿ ಹೊಲದ ಸೀಮೆ ಇದು. ತುಂಬಿದ ಕೆರೆ ಕಂಡೋರಿಗೆ ಸಮುದ್ರ ಕಂಡಷ್ಟೇ ಸಂತೋಷ ಆಗಿರಬೇಕು. ನಮ್ಮ ತಿಪ್ಪಸಂದ್ರವೂ ಅದೇ ಸಾಲಿನದು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಅಂತ ಒತ್ತಿ ಹೇಳ್ಬೇಕು, ಯಾಕಂದ್ರೆ ಬೆಂಗಳೂರಲ್ಲಿ ಇನ್ನೊಂದಿದೆ. ಕೊರಿಯರ್ ಹುಡುಗರು ಅಲ್ಲಿ ಹೋಗಿ ನಿಂತ್ಕೊಂಡು ನಮಗೆ ಫೋನ್ ಮಾಡ್ತಾರೆ.

ಇಂಥ ಊರಲ್ಲಿ ನಾನು ಎಂಟು ವರ್ಷದಿಂದ ಒಂದು ಜೌಗು ನೆಲದ ಮರ ಸಾಕ್ತಾ ಇದ್ದೀನಿ. ಅದೂ ಬೋನ್ಸಾಯ್ ಮಾಡಿ. ಹೆಸರು ಬಾಲ್ಡ್ ಸೈಪ್ರೆಸ್. ಅಮೆರಿಕದ ತೆಂಕಣ ಭಾಗದಲ್ಲಿ, ಲೂಸಿಯಾನ, ಫ್ಲಾರಿಡಾ, ಕ್ಯಾರೊಲಿನಾ ಕಡೆ, ಮೊಣಕಾಲುದ್ದ ನೀರು ನಿಂತ ಜೌಗಿನಲ್ಲಿ ಬೆಳೆಯೋ ಮರ. ಲಾಲ್‌ಬಾಗ್ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗೆಲ್ಲ ಬೋನ್ಸಾಯ್ ಸಾಲಿನ ಮುಂದೆ ನಾನು ನಿಂತುಬಿಡ್ತಿದ್ದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ ನೋಡಿ ಬಂದ ಮೇಲೆ ನಾನೂ ಒಂದು ಮಾಡ್ಬೇಕು ಅಂತ ಹಟ ಹಿಡೀತು. ಆಲ, ಬಸರಿ, ಅರಳಿ ನಮ್ಮೂರ ಬಾವಿ ಗೋಡೆಯಲ್ಲೇ ಸಿಗ್ತವೆ. ಆದ್ರೆ ಬೆಂಗಳೂರಿನ ಒಂದು ನರ್ಸರಿಯಲ್ಲಿ ನವಿಲುಗರಿ ಥರ ಮೆತ್ತಗಿನ ಎಲೆಯ ಈ ಸಸಿ ಕಣ್ಣಿಗೆ ಬಿತ್ತು. ಇನ್ನೂರೈವತ್ತು ರೂಪಾಯಿ ಕೊಟ್ಟು ಬಸ್ಸಲ್ಲಿ ಮಡಿಲಲ್ಲಿಟ್ಕೊಂಡು ತಂದೆ.

ಮೊದಲ ಚಳಿಗಾಲಕ್ಕೆ ಗೊತ್ತಾಯ್ತು ಅದರ ಗುಣ. ಸೈಪ್ರೆಸ್ ಜಾತಿಯವು ವರ್ಷವಿಡೀ ಹಸಿರಾಗಿರ್ತವೆ. ಇದು ಹಾಗಲ್ಲ. ಅವರೆಕಾಯಿ ಕಾಲ ಮುಗಿಯೋ ಹೊತ್ತಿಗೆ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಸಂಕ್ರಾಂತಿ ಕಳೆದ ಮೇಲೆ ಒಂದೂ ಬಿಡದೆ ಉದುರಿಹೋಗುತ್ತೆ. ಎಲೆ ಅಂದ್ರೆ ಎಲೆಯೂ ಅಲ್ಲ, ಕಡ್ಡಿ ಸಮೇತ ಗರಿಗರಿಯಾಗಿ ಬೀಳುತ್ತೆ. ಶಿವರಾತ್ರಿ ಆಸುಪಾಸಿಗೆ ಮತ್ತೆ ಚಿಗುರು. ಮಧ್ಯೆ ಬೋಳಾಗಿ ನಿಲ್ಲೋದ್ರಿಂದಲೇ ಇಂಗ್ಲಿಷಿನೋರು ಬೋಳು ಸೈಪ್ರೆಸ್ ಅಂದಿದ್ದು. ಹೆಸರಿನ ಅರ್ಥ ಏನು ಅಂತ ಅತ್ತೆ ಕೇಳಿದ್ರು, ಹೇಳಿದೆ. ಅಲ್ಲಿಂದ ಶುರುವಾಯ್ತು ನೋಡಿ.

ಬೋಳು ಅನ್ನೋದು ನಮ್ಮಲ್ಲಿ ಹಗುರವಾದ ಮಾತಲ್ಲ. ಬೋಳು ಹಣೆ, ಬೋಳು ಕೈ ಅಂತ ಯಾರಿಗೆ ಹೇಳ್ತಾರೆ, ಅದರಿಂದ ಹುಟ್ಟಿದ ಬೈಗುಳ ಯಾವುದು ಅಂತ ನಿಮಗೂ ಗೊತ್ತು. ಮಾವನವರು ತೀರಿಹೋಗಿ ಹದಿನೈದು ವರ್ಷ ಆಗಿರೋ ಹೆಂಗಸಿನ ಮುಂದೆ ಆ ಹೆಸರಿನ ಮರ.

“ಬೋಳು ಮರ ತಂದು ಬಾಗ್ಲು ಮುಂದೆ ಮಡಗಿದ್ದೀಯಲ್ಲಮ್ಮಿ” ಅಂದ್ರು. “ಅದೂ ಬೆಳೆಯೋದ್ನ ಬೆಳೀದಂಗೆ ಮಾಡಿ. ಇಂಗೆ ಮಾಡ್ದೋರ ಮನೇಲಿ ಮಕ್ಳು ಮರಿ ಬೆಳೀತವಾ?”

ಏಳು ವರ್ಷ ಇದು ಗೊಣಗಾಟವಾಗೇ ಇತ್ತು. ಹೋದ ವರ್ಷ ಮಗಳು ಏಳನೇ ತಿಂಗಳಿಗೆ ಬಾಣಂತನಕ್ಕೆ ಬರೋಳಿದ್ಲು. ಅತ್ತೆ ಗೊಣಗೋದು ಬಿಟ್ಟು ನೇರವಾಗಿ ಹೇಳಿದ್ರು: “ಮಗು ಬರೋ ಮನೆ. ಅದ್ನ ತೆಗ್ದಾಕು. ಇಲ್ಲಾ ಯಾರಿಗಾರಾ ಕೊಟ್ಬುಡು.” ನಮ್ಮನೆಯವರು ಯಾವತ್ತಿನ ಹಾಗೆ ಪೇಪರ್ ಮುಂದೆ ಹಿಡ್ಕೊಂಡ್ರು. ಎಂಟು ವರ್ಷ ಕೈಯಾರೆ ಬೆಳೆಸಿದ ಮರ. ಕೊಡೋಕೆ ನನಗೆ ಮನಸ್ಸಿಲ್ಲ. ಹಾಗಂತ ಬಾಣಂತಿ ಮನೆಯಲ್ಲಿ ಹಿರಿಯರ ಮನಸ್ಸಲ್ಲಿ ಮುಳ್ಳಿಟ್ಟು ಬದುಕೋಕೂ ಆಗಲ್ಲ. ವಾದಕ್ಕೆ ಅಂತಲೇ ಈ ಮರದ ಚರಿತ್ರೆ ಓದೋಕೆ ಕೂತೆ. ಓದಿದ್ದು ವಾದಕ್ಕೆ ಅಷ್ಟಾಗಿ ಬರಲಿಲ್ಲ, ಆದ್ರೆ ಮರ ನೋಡೋ ಕಣ್ಣೇ ಬೇರೆಯಾಯ್ತು.

ಮೊದಲು ಬೋನ್ಸಾಯ್ ವಿಷಯ. ಇದು ಜಪಾನಿನದು ಅಂತೀವಿ, ಬೇರು ಚೀನಾದಲ್ಲಿದೆ. ಅಲ್ಲಿನ ಟಾಂಗ್ ರಾಜವಂಶದ ಒಬ್ಬ ರಾಜಕುಮಾರನ ಸಮಾಧಿ ಇದೆ, ಕ್ರಿ.ಶ. 706ರದು. ಅದರ ಗೋಡೆ ಚಿತ್ರದಲ್ಲಿ ಸೇವಕರು ತಟ್ಟೆಯಲ್ಲಿ ಪುಟ್ಟ ಗಿಡ, ಕಲ್ಲು ಹೊತ್ತು ನಿಂತವ್ರೆ. ಅಲ್ಲಿಂದ ಈ ಕಲೆ ಜಪಾನಿಗೆ ಹೋಗಿ, ಅಲ್ಲಿ ಅದಕ್ಕೊಂದು ಶಿಸ್ತು ಬಂತು. ನಮ್ಮಲ್ಲಿ ವಾಮನ ವೃಕ್ಷ ಅಂತ ಚಂದದ ಹೆಸರಿಟ್ಟಿದ್ದಾರೆ. ನನಗೆ ಆ ಹೆಸರೇ ಇಷ್ಟ. ವಾಮನ ಅಂದ್ರೆ ಸಣ್ಣಗಿದ್ದೋನೇ ಅಲ್ಲ, ಆಮೇಲೆ ಏನಾದ ಅನ್ನೋದೂ ಅದರೊಳಗಿದೆ.

ಅತ್ತೆಗೆ ನಾನು ಮೊದಲು ಹೇಳಿದ್ದು ಯಮಾಕಿ ಮನೆತನದ ಪೈನ್ ಮರದ ಕತೆ. 1625ರಿಂದ ಕುಂಡದಲ್ಲಿ ಬೆಳೀತಿರೋ ಬಿಳಿ ಪೈನ್ ಅದು. 1976ರಲ್ಲಿ ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿದಾಗ ಜಪಾನಿನೋರು 53 ಬೋನ್ಸಾಯ್ ಮರಗಳನ್ನ ಉಡುಗೊರೆ ಕೊಟ್ರು, ಅದರಲ್ಲಿ ಇದೂ ಒಂದು. ವಾಷಿಂಗ್ಟನ್ನಿನಲ್ಲಿ ಇಪ್ಪತ್ತೈದು ವರ್ಷ ಅದು ಸುಮ್ನೆ ನಿಂತಿತ್ತು. 2001ರಲ್ಲಿ ಕೊಟ್ಟೋರ ಮೊಮ್ಮಕ್ಕಳು ನೋಡೋಕೆ ಬಂದು ಬಾಯಿ ಬಿಟ್ಟ ಮೇಲೆ ಗೊತ್ತಾಗಿದ್ದು: ಆ ಮರ ಹಿರೋಷಿಮಾದ್ದು. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಜಾಗದಿಂದ ಬರೀ ಮೂರು ಕಿಲೋಮೀಟರ್ ದೂರದ ಮನೆ. ಗೋಡೆ ಮರೆಯಲ್ಲಿದ್ದ ಮರ ಉಳೀತು, ಮನೆಯೋರೂ ಉಳಿದ್ರು.

“ನೋಡಿ ಅತ್ತೆ, ತಲೆತಲಾಂತರದಿಂದ ಕುಳ್ಳು ಮರ ಇಟ್ಕೊಂಡಿದ್ದ ಮನೆ. ಅವರ ವಂಶ ನಿಂತೋಯ್ತಾ? ಮೊಮ್ಮಕ್ಕಳು ಬಂದು ಮರ ನೋಡ್ಕೊಂಡು ಹೋಗವ್ರೆ” ಅಂದೆ.

ಅತ್ತೆ ಅವರೆಕಾಯಿ ಸುಲಿಯೋದು ನಿಲ್ಲಿಸಿ ನನ್ನನ್ನೇ ನೋಡಿದ್ರು. “ಮರ ಮಡಗಿದ್ದ ಊರ್ ಮ್ಯಾಲೆ ಬಾಂಬ್ ಬಿತ್ತು ಅಂತ ನೀನೇ ಯೋಳ್ತಾ ಇದ್ದೀಯಲ್ಲಮ್ಮಿ!”

ಇದಕ್ಕೆ ಏನು ಉತ್ತರ ಕೊಡ್ತೀರಾ?

ಎರಡನೇ ವಾದ ನಮ್ಮ ಸೊಪ್ಪಿನ ತೋಟದ್ದು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನಂಬಿಕೊಂಡಿರೋ ಮನೆಗಳು ಈ ಸೀಮೆಯಲ್ಲಿ ಎಷ್ಟಿವೆ ಲೆಕ್ಕವಿಲ್ಲ, ನಮ್ಮದೂ ಒಂದು. ಹಿಪ್ಪುನೇರಳೆಯನ್ನ ಹಂಗೇ ಬಿಟ್ರೆ ಮನೆಗಿಂತ ಎತ್ತರದ ಮರ ಆಗುತ್ತೆ. ನಾವು ಬಿಡಲ್ಲ. ಒಂದೊಂದು ಬೆಳೆಗೂ ಬುಡಕ್ಕೆ ಸವರ್ತೀವಿ, ಅದು ಮತ್ತೆ ಚಿಗುರುತ್ತೆ, ಮತ್ತೆ ಸವರ್ತೀವಿ. ನಮ್ಮ ತೋಟದ ಕೆಲವು ಬುಡ ಅತ್ತೆ ಮದುವೆಯಾಗಿ ಬಂದ ಕಾಲದ್ದು. ತೊಡೆ ಗಾತ್ರದ ಬುಡ, ಮೊಣಕಾಲೆತ್ತರದ ಗಿಡ. ಬೋನ್ಸಾಯ್ ಅಂದ್ರೆ ಇನ್ನೇನು? ಈ ರೇಷ್ಮೆಗೂ ಜಪಾನಿಗೂ ನಂಟಿದೆ. ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಗೆ ರೇಷ್ಮೆ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದು ಸೊರಗಿದಾಗ ಜೆಮ್‌ಷೆಡ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಕಡೆ ರೇಷ್ಮೆ ತೋಟ ಮಾಡಿಸಿ, ಜಪಾನಿನಿಂದ ತಿಳಿದೋರನ್ನ ಕರೆಸಿದ್ರು. ಟಾಟಾ ಸಿಲ್ಕ್ ಫಾರ್ಮ್ ಅಂತ ಆ ಜಾಗದ ಹೆಸರು ಇವತ್ತಿಗೂ ಉಳಿದಿದೆ.

“ನೀವು ನಲವತ್ತು ವರ್ಷದಿಂದ ಮಾಡ್ತಿರೋದನ್ನೇ ನಾನೂ ಮಾಡ್ತಿರೋದು” ಅಂದೆ.

“ಅದು ಹುಳೀನ ಅನ್ನ ಕಣಮ್ಮಿ. ಹುಳೀನಿಂದ ನಮ್ಗನ್ನ. ನಿನ್ ಮರ ಯಾರ್ಗನ್ನ?”

ಇದಕ್ಕೂ ನನ್ನ ಹತ್ರ ಮಾತಿರಲಿಲ್ಲ. ಈಗಲೂ ಇಲ್ಲ. ಅನ್ನ ಕೊಡದಿರೋದನ್ನೂ ಸಾಕಬೋದು ಅಂತ ಹೊಟ್ಟೆ ತುಂಬಿದೋರು ಹೇಳೋದು ಸುಲಭ; ಅತ್ತೆ ಬರ ಕಂಡೋರು.

ಹಾಗಾಗಿ ವಾದ ಬಿಟ್ಟು, ಓದಿದ್ದನ್ನ ಸುಮ್ನೆ ಕತೆ ಥರ ಹೇಳೋಕೆ ಶುರು ಮಾಡಿದೆ. ಸಂಜೆ ಹೊತ್ತು, ಹುಳುವಿಗೆ ಸೊಪ್ಪು ಹಾಕಿ ಬಂದು ಕೂತಾಗ.

ಈ ಮರದ ಆಯಸ್ಸು ಕೇಳಿದ್ರೆ ತಲೆ ತಿರುಗುತ್ತೆ. ನಾರ್ತ್ ಕ್ಯಾರೊಲಿನಾದ ಬ್ಲ್ಯಾಕ್ ರಿವರ್ ಅನ್ನೋ ಹೊಳೆಯ ಜೌಗಿನಲ್ಲಿ ಡೇವಿಡ್ ಸ್ಟಾಲ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯೋರು ಮರ ಕಡಿಯದೆ, ಸಣ್ಣ ಕೊಳವೆಯಲ್ಲಿ ತಿರುಳು ತೆಗೆದು ವರ್ಷದ ಉಂಗುರ ಎಣಿಸಿದ್ರು. 2019ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಒಂದು ಮರಕ್ಕೆ ಕಮ್ಮಿ ಅಂದ್ರೂ 2,624 ವರ್ಷ. ಬುದ್ಧ ಹುಟ್ಟೋಕೆ ಮುಂಚೆ ಮೊಳೆತ ಮರ, ಇನ್ನೂ ಚಿಗುರ್ತಾ ಇದೆ. ಫ್ಲಾರಿಡಾದಲ್ಲಿ ‘ಸೆನೆಟರ್’ ಅಂತ ಹೆಸರಿಟ್ಟಿದ್ದ ಇನ್ನೊಂದಕ್ಕೆ ಮೂರೂವರೆ ಸಾವಿರ ವರ್ಷ ಅಂತ ಅಂದಾಜಿತ್ತು. 2012ರ ಜನವರಿಯಲ್ಲಿ ಅದರ ಟೊಳ್ಳಿನೊಳಗೆ ಯಾರೋ ಹಚ್ಚಿದ ಬೆಂಕಿಗೆ ಒಂದೇ ದಿನದಲ್ಲಿ ಬಿದ್ದೋಯ್ತು.

ಯುರೋಪಿನೋರಿಗೆ ಈ ಮರ ಸಿಕ್ಕಿದ್ದು ಹದಿನೇಳನೇ ಶತಮಾನದಲ್ಲಿ. ಜಾನ್ ಟ್ರೇಡ್‌ಸ್ಕಂಟ್ ಅಂತ ಇಂಗ್ಲೆಂಡಿನ ತೋಟಗಾರ, ಅಪ್ಪ ಮಗ ಇಬ್ಬರಿಗೂ ಅದೇ ಹೆಸರು. ಮಗ ವರ್ಜೀನಿಯಾಕ್ಕೆ ಹೋಗಿ 1640ರ ಸುಮಾರಿಗೆ ಇದನ್ನ ಇಂಗ್ಲೆಂಡಿಗೆ ಒಯ್ದ. ನೋಟಕ್ಕೆ ಸೈಪ್ರೆಸ್ ಥರ ಇದೆ ಅಂತ ಲಿನೇಯಸ್ 1753ರಲ್ಲಿ ಸೈಪ್ರೆಸ್ ಗುಂಪಿಗೇ ಸೇರಿಸಿದ. ಆಮೇಲಿನೋರು ಬೇರೆ ಮಾಡಿ ಟ್ಯಾಕ್ಸೋಡಿಯಂ ಅಂದ್ರು. ಈ ಹೆಸರಿನ ಜಗಳ ನಮಗೆ ಬೇಡ.

ಮುಖ್ಯವಾದದ್ದು ಆಮೇಲೆ ಆಗಿದ್ದು. ಈ ಮರದ ನಡುತಿರುಳು ನೀರಲ್ಲಿದ್ರೂ ಬೇಗ ಕೊಳೆಯಲ್ಲ. ದೋಣಿ, ನೀರಿನ ತೊಟ್ಟಿ, ಮನೆ ಮೇಲಿನ ಹಲಗೆ ಹೆಂಚು, ಎಲ್ಲಕ್ಕೂ ಬೇಕು. ‘ಶಾಶ್ವತ ಮರ’ ಅಂತಲೇ ಅದನ್ನ ಮಾರ್ತಿದ್ರು. ಆದ್ರೆ ಜೌಗಿನೊಳಗೆ ಎತ್ತು ಇಳಿಯಲ್ಲ, ಗಾಡಿ ಇಳಿಯಲ್ಲ. ಅದೇ ಮರಕ್ಕೆ ಕಾವಲಾಗಿತ್ತು. 1876ರ ಸುಮಾರಿಗೆ ಅಮೆರಿಕದ ಸರ್ಕಾರ ಬೇಸಾಯಕ್ಕೆ ಬಾರದ ಜೌಗು ನೆಲವನ್ನ ಎಕರೆಗೆ ಒಂದು ಡಾಲರಿಗಿಂತ ಕಮ್ಮಿಗೆ ಮಾರೋಕೆ ನಿಂತ್ಕೊಂಡ್ತು. ದೊಡ್ಡ ದೊಡ್ಡ ಮರದ ಕಂಪನಿಗಳು ಸಾವಿರಾರು ಎಕರೆ ಕೊಂಡವು. ಹಸಿ ಮರ ನೀರಲ್ಲಿ ಮುಳುಗುತ್ತೆ ಅಂತ, ಮೊದಲು ಬುಡಕ್ಕೆ ಸುತ್ತ ಕಚ್ಚು ಹಾಕಿ ಬಿಟ್ಟುಬಿಡೋರು. ಮರ ನಿಂತಲ್ಲೇ ಒಣಗಿ ಸಾಯಬೇಕು, ಆಮೇಲೆ ಕಡಿದ್ರೆ ತೇಲುತ್ತೆ. 1890ರ ದಶಕದಿಂದ ಉಗಿಯಂತ್ರ ಕೂರಿಸಿದ ದೋಣಿಗಳು ಬಂದವು. ಒಂದು ಕಡೆ ನಿಂತು, ಸುತ್ತಲೂ ದೂರಕ್ಕೆ ಹಗ್ಗ ಬಿಟ್ಟು ದಿಮ್ಮಿಗಳನ್ನ ಎಳ್ಕೊಳ್ಳೋವು. ದಿಮ್ಮಿ ಎಳೆದ ಗುರುತು ಕೆಸರಲ್ಲಿ ಎಷ್ಟು ಆಳಕ್ಕೆ ಬಿದ್ದಿದೆ ಅಂದ್ರೆ, ನೂರು ವರ್ಷ ಕಳೆದ್ರೂ ವಿಮಾನದಿಂದ ನೋಡಿದ್ರೆ ಗಾಡಿ ಚಕ್ರದ ಅರೆಗಳ ಹಾಗೆ ಕಾಣುತ್ತಂತೆ. 1920ರ ದಶಕ ಮುಗಿಯೋ ಹೊತ್ತಿಗೆ ಹಳೇ ಕಾಡು ಹೆಚ್ಚುಕಮ್ಮಿ ಖಾಲಿ. ಐವತ್ತು ವರ್ಷದೊಳಗೆ ಸಾವಿರಾರು ವರ್ಷದ ಮರಗಳು. 1963ರಲ್ಲಿ ಲೂಸಿಯಾನದೋರು ಅದನ್ನೇ ತಮ್ಮ ರಾಜ್ಯದ ಮರ ಅಂತ ಘೋಷಣೆ ಮಾಡಿಕೊಂಡ್ರು. ಕಡಿದಾದ ಮೇಲೆ ಪೂಜೆ!

ಎಲ್ಲಾ ಕಡಿದ್ರಾ? ಇಲ್ಲ. ಹೊಟ್ಟೆ ಟೊಳ್ಳಾದವು, ಸೊಟ್ಟಗಿದ್ದವು, ಸಿಡಿಲು ಬಿರುಗಾಳಿಗೆ ತಲೆ ಮುರಿದವು, ಇವನ್ನ ಬಿಟ್ರು. ಕಡಿಸೋ ಕೂಲಿಯೂ ಗಿಟ್ಟಲ್ಲ ಅಂತ. ಈ ಮರ ಎಳೇದಿದ್ದಾಗ ಗೋಪುರದ ಥರ ಮೊನಚಾಗಿರುತ್ತೆ. ಮುದಿಯಾಗ್ತಾ ತುದಿ ನಿಂತುಹೋಗಿ, ಮೇಲಿನ ಕೊಂಬೆಗಳು ಅಗಲಕ್ಕೆ ಹರಡಿ ಕೊಡೆ ಬಿಚ್ಚಿದ ಹಾಗೆ ಚಪ್ಪಟೆ ತಲೆ ಬರುತ್ತೆ. ಇವತ್ತು ಆ ಜೌಗುಗಳಲ್ಲಿ ಅಲ್ಲೊಂದು ಇಲ್ಲೊಂದು ಎಲ್ಲಕ್ಕಿಂತ ಮೇಲೆ ತಲೆ ಎತ್ತಿ ನಿಂತಿರೋ ಹಳೇ ಚಪ್ಪಟೆ ತಲೆಗಳಲ್ಲಿ ಬಹಳಷ್ಟು ಹೀಗೆ ಬೇಡ ಅಂತ ಬಿಟ್ಟುಹೋದವು. ಬ್ಲ್ಯಾಕ್ ರಿವರ್‌ನ ಮುದುಕರೂ ಟೊಳ್ಳು, ಗಂಟು ಗಂಟು.

ಇಲ್ಲಿಗೆ ಬರೋ ಹೊತ್ತಿಗೆ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಿದ್ರು.

“ಟೊಳ್ಳು ಅಂತ ಬುಟ್ಟೋದ್ರಾ? ನಮ್ ಉಣಸೇ ಮರದಂಗೆ” ಅಂದ್ರು.

ನನಗೆ ಹೊಳೆದೇ ಇರಲಿಲ್ಲ. ನಾದಿನಿ ಮದುವೆಗೆ ಅಂತ ಮಾವನವರು ಹೊಲದ ಬದುವಿನ ಐದು ಹುಣಸೆ ಮರ ಮಾರಿದ್ರಂತೆ. ವ್ಯಾಪಾರಿ ನಾಲ್ಕನ್ನ ಕಡಿಸ್ಕೊಂಡು ಹೋದ. ಐದನೇದರ ಬುಡಕ್ಕೆ ಕೊಡಲಿ ತುಂಬಿನಿಂದ ತಟ್ಟಿ ನೋಡಿ, ಸದ್ದು ಕೇಳಿ, ಬಿಟ್ಟ. ಅದರ ದುಡ್ಡೂ ಹಿಡ್ಕೊಂಡ. ನಾನು ಈ ಮನೆಗೆ ಬಂದಾಗಿಂದ ಸಾರಿಗೆ ಹಾಕ್ತಿರೋ ಹುಣಸೆಹಣ್ಣು ಆ ಟೊಳ್ಳು ಮರದ್ದೇ. ಅತ್ತೆ ಆ ಮರದ ಮಾತಾಡ್ತಾ ಹೋದ್ರು: ಎಷ್ಟು ವರ್ಷ ಕಾಯಿ ಬಿಟ್ಟಿದೆ, ಯಾವ ವರ್ಷ ಬಿಡಲಿಲ್ಲ, ಟೊಳ್ಳಲ್ಲಿ ಗೂಬೆ ಮರಿ ಮಾಡಿದ್ದು, ಮಾವನವರು ಮಳೆ ಬಂದಾಗ ಒಳಗೆ ನಿಂತ್ಕೊಂಡಿದ್ದು. ನನ್ನ ಮರದ ಮಾತು ಅವತ್ತು ಮತ್ತೆ ಬರಲಿಲ್ಲ.

ಈಗ ಬೋನ್ಸಾಯ್‌ಗೆ ಬರ್ತೀನಿ. ಅಮೆರಿಕದೋರು ಬೋನ್ಸಾಯ್ ಕಲಿತಿದ್ದು ಜಪಾನಿನೋರಿಂದ. ಜಪಾನಿನ ಕಟ್ಟುಪಾಡೆಲ್ಲ ಅಲ್ಲಿನ ಬೆಟ್ಟದ ಪೈನ್ ಮರ ನೋಡಿ ಮಾಡಿದ್ದು: ನೆಟ್ಟಗಿನ ಕಾಂಡ, ಕೆಳಗೆ ಅಗಲ, ಮೇಲೆ ಮೊನಚು, ಒಟ್ಟು ಆಕಾರ ಮುಕ್ಕೋನ. ಬಾಲ್ಡ್ ಸೈಪ್ರೆಸ್ಸನ್ನೂ ಹಾಗೇ ಮಾಡ್ತಿದ್ರು. ನ್ಯೂ ಆರ್ಲಿಯನ್ಸ್‌ನಲ್ಲಿ ವಾನ್ ಬ್ಯಾಂಟಿಂಗ್ ಅಂತ ಒಬ್ಬ ತೋಟಗಾರಿಕೆಯ ಮನುಷ್ಯ. 1970ರ ದಶಕದಿಂದ ಈ ಮರಗಳ ಮೇಲೆ ಕೈಯಾಡಿಸ್ತಿದ್ದೋರು, 2008ರಲ್ಲಿ ತೀರಿಕೊಂಡ್ರು. ಸುತ್ತಲಿನ ಜೌಗಲ್ಲಿ ಮುದಿ ಮರ ಒಂದೂ ಮುಕ್ಕೋನ ಇಲ್ಲ, ಕುಂಡದಲ್ಲಿ ಯಾಕೆ ಹಾಗೆ ಮಾಡ್ಬೇಕು ಅನ್ನೋದು ಅವರ ಲೆಕ್ಕ. ತುದಿ ಕತ್ತರಿಸಿ, ಮೇಲಿನ ಎರಡು ಮೂರು ಕೊಂಬೆಗಳನ್ನ ಓರೆಯಾಗಿ ಎತ್ತಿ ಅಗಲಕ್ಕೆ ಹರಡಿ, ಕೆಳಗೆ ಬಡಕಲು ಕೊಂಬೆ ಒಂದೆರಡು ಬಿಟ್ಟು ಚಪ್ಪಟೆ ತಲೆ ಶೈಲಿ ಕಟ್ಟಿದ್ರು. ಅವರು ಮಾಡಿದ ಒಂದು ಮರ ವಾಷಿಂಗ್ಟನ್ನಿನ ಆ ಸಂಗ್ರಹದಲ್ಲೇ ಇದೆ, ಹಿರೋಷಿಮಾದ ಪೈನ್ ಇರೋ ಆವರಣದಲ್ಲಿ. ಈಗ ಈ ಜಾತಿಯ ಬೋನ್ಸಾಯ್ ಅಂದ ಕೂಡಲೇ ಜನ ನೆನೆಯೋದು ಆ ಆಕಾರವನ್ನೇ. ಮರ ಕಡಿಸೋರು ಕೂಲಿ ಗಿಟ್ಟಲ್ಲ ಅಂದ ರೂಪ ಕುಂಡದೊಳಗೆ ಕೂತಿದೆ. ಕಲಿಯೋರು ಆಕಾರ ಮಾತ್ರ ಕಲೀತಾರೆ, ಕತೆ ಯಾರೂ ಹೇಳಿಕೊಡಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಬೆಳೆಸೋದು ಹೇಗೆ ಅಂತ ಕೇಳೋರಿಗೆ ಎರಡು ಮಾತು. ಸಸಿಯನ್ನ ಮೊದಲೇ ಸಣ್ಣ ಕುಂಡದಲ್ಲಿ ಇಟ್ರೆ ಬುಡ ದಪ್ಪ ಆಗಲ್ಲ. ನಾನು ದನ ಕುಡಿಯೋ ತೊಟ್ಟಿ ಪಕ್ಕ, ನೀರು ಚೆಲ್ಲಿ ಯಾವಾಗಲೂ ಒದ್ದೆ ಇರೋ ನೆಲದಲ್ಲಿ ನಾಲ್ಕು ವರ್ಷ ಬಿಟ್ಟೆ. ಕೆಸರಲ್ಲಿ ನಿಂತ ಮರಕ್ಕೆ ಬುಡ ತಾನಾಗೇ ಉಬ್ಬಿ, ಏಣು ಏಣು ಬರುತ್ತೆ. ಆಮೇಲೆ ಎರಡಡಿ ಎತ್ತರಕ್ಕೆ ಕಾಂಡ ಕತ್ತರಿಸಿ, ಚಿಗುರೋ ಮುಂಚೆ ಕಿತ್ತು, ಬೇರು ಸವರಿ ಅಗಲದ ಮಣ್ಣಿನ ಬಾನಿಗೆ ಹಾಕಿದೆ. ಕೆರೆಗೋಡು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ದಪ್ಪ ಮರಳು ಒಂದು ಪಾಲು. ಬೇಸಿಗೆಯಲ್ಲಿ ಬಾನಿಯನ್ನ ಎರಡು ಮೂರು ಇಂಚು ನೀರಿರೋ ಟಬ್ಬಲ್ಲಿ ಇಡ್ತೀನಿ. ಸೊಳ್ಳೆ ಆಗದ ಹಾಗೆ ಟಬ್ಬಿಗೆ ಗಪ್ಪಿ ಮೀನು ಬಿಟ್ಟಿದ್ದೀನಿ, ಇದನ್ನ ಮರೀಬೇಡಿ. ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತೋದು ಎಲೆ ಇಲ್ಲದಾಗಲೇ, ಎಲ್ಲಾ ಕಾಣುತ್ತೆ. ಆದ್ರೆ ಚಿಗುರಿದ ಮೇಲೆ ಕೊಂಬೆ ಬಲು ಬೇಗ ದಪ್ಪ ಆಗುತ್ತೆ, ವಾರಕ್ಕೊಮ್ಮೆ ನೋಡ್ತಾ ಇದ್ದು ತೊಗಟೆಗೆ ಕಚ್ಚೋ ಮುಂಚೆ ತಂತಿ ಬಿಚ್ಚಬೇಕು.

ಈ ಮರಕ್ಕೆ ಬುಡದ ಸುತ್ತ ಬೇರಿಂದ ಗೂಟದ ಥರ ಏಳ್ತವೆ, ಮಂಡಿ ಅಂತಾರೆ. ನೀರಲ್ಲಿರೋ ಬೇರಿಗೆ ಉಸಿರಾಡೋಕೆ ಅಂತ ಬಹಳ ಕಾಲ ನಂಬಿದ್ರು. ಪರೀಕ್ಷೆ ಮಾಡಿದೋರಲ್ಲಿ ಒಮ್ಮತ ಇಲ್ಲ. ನನ್ನ ಮರಕ್ಕೆ ಇನ್ನೂ ಮಂಡಿ ಬಂದಿಲ್ಲ. ನಮ್ಮನೆಯಲ್ಲಿ ಮಂಡಿ ಇರೋರೆಲ್ಲ ಅದು ನೋಯುತ್ತೆ ಅಂತಲೇ ಹೇಳೋದು.

ಹೊರಗಿನ ಮರ ನಮಗ್ಯಾಕೆ ಅನ್ನೋ ಮಾತೂ ಬಂತು, ಅದು ನಮ್ಮನೆಯವರಿಂದ. ಹುಣಸೆ ಮರದ ತವರು ಆಫ್ರಿಕಾ, ನಾವು ದಿನಾ ಉಣ್ಣೋ ರಾಗಿಯ ತವರೂ ಅದೇ ಅಂದೆ. ಪೇಪರ್ ಮತ್ತೆ ಮೇಲಕ್ಕೆ ಹೋಯ್ತು.

ಮಗಳು ಬರೋ ಹಿಂದಿನ ದಿನ ಮರವನ್ನ ನಾನೇ ಎತ್ತಿ ಬಾಗಿಲ ಮುಂದಿಂದ ಹಿತ್ತಲಿಗೆ, ಕೊಟ್ಟಿಗೆ ಪಕ್ಕಕ್ಕೆ ಇಟ್ಟೆ. ಅತ್ತೆ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಮಗು ಹುಟ್ತು, ಹೆಣ್ಣು, ಮೂರು ಕೆಜಿ. ಮೂರು ತಿಂಗಳು ನಾನು ಮರದ ಕಡೆ ತಲೆ ಹಾಕೋಕೇ ಆಗಲಿಲ್ಲ. ಆದ್ರೂ ಟಬ್ಬಲ್ಲಿ ನೀರು ಬತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಬಾಣಂತಿಗೆ ನೀರು ಕಾಯಿಸೋಕೆ ಎದ್ದಾಗ ಕಂಡೆ. ಹಸುವಿನ ಕಲಗಚ್ಚಿಗೆ ಹೋಗಬೇಕಾದ ಅಕ್ಕಿ ತೊಳೆದ ನೀರಲ್ಲಿ ಒಂದು ಚೊಂಬು ತೆಗೆದು ಅತ್ತೆ ಬಾನಿಗೆ ಹಾಕ್ತಾ ಇದ್ರು. ನನ್ನನ್ನ ನೋಡಿ “ಮೀನು ಸಾಯ್ತವೆ ಅಂತ” ಅಂದ್ರು.

ಬೋಳು ಮರ ಅನ್ನೋದು ಅವರ ಬಾಯಿಂದ ಹೋಗಿದೆ. ಈಗ ‘ಟೊಳ್ಳು ಮರದೋಳ ಗಿಡ’ ಅಂತಾರೆ, ನನಗೇ ಏನೋ ಒಂದು ಪೆಟ್ಟು ಇದ್ದಂಗಿದೆ ಅದರಲ್ಲಿ.

ಈ ಶಿವರಾತ್ರಿಗೆ ತುದಿ ತೆಗೆದೆ. ಮೇಲಿನ ಕೊಂಬೆಗಳು ನಾಲ್ಕಿವೆ. ಮೂರಕ್ಕೆ ತಂತಿ ಹಾಕಿ ಹರಡಿದ್ದೀನಿ. ಪುಸ್ತಕದ ಪ್ರಕಾರ ನಾಲ್ಕನೇದು ಹೋಗಬೇಕು, ಅದು ಹಿಂದಕ್ಕೆ ಸೊಟ್ಟಗೆ ತಿರುಗಿದೆ. ಹೊಲದ ಹುಣಸೆ ಮರಕ್ಕೂ ಪಡುವಣ ಕಡೆ ಹಾಗೇ ಒಂದು ಕೊಂಬೆ ಇದೆ, ಅತ್ತೆ ದೋಟಿ ಹಾಕೋದು ಅದಕ್ಕೇ. ಸದ್ಯಕ್ಕೆ ಬಿಟ್ಟಿದ್ದೀನಿ.